ವಿಷ್ಣುಮೂರ್ತಿಯ ಕೊಳಶುದ್ಧಿ

ಘೋಡಬಂದರ್ ರಸ್ತೆಯ ವಸತಿ ಸೊಸೈಟಿಗೆ ಹೊಸದಾಗಿ ಸೆಕ್ರೆಟರಿಯಾದ ವಿಷ್ಣುಮೂರ್ತಿಗೆ ಅಂಗಳದ ಕೊಳ ಕಂಡರಾಗುತ್ತಿರಲಿಲ್ಲ. ಹಸಿರು ನೀರು, ಪುಟಾಣಿ ಮೀನು, ಕಪ್ಪೆಗಳ ವಟವಟ. ಬ್ಯಾಂಕಿನವನು, ಕೈ ತುರಿಸಿದರೂ ಅರ್ಜಿ ಬರೆಯುವ ಪೈಕಿ. ಪಾಲಿಕೆಗೂ ಒಂದು ಅರ್ಜಿ ಬರೆದ. ಯಾರೂ ಬಾರದಿದ್ದಾಗ ತಾನೇ ಮುಂದೆ ನಿಂತು ಕೊಳ ಬರಿದು ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಹೊಸ ನೀರು ತುಂಬಿಸಿದ. ಫೋಟೋ ತೆಗೆದು ಗ್ರೂಪಿಗೂ ಹಾಕಿದ.

ತಿಂಗಳೊಳಗೆ ಆ ತಿಳಿನೀರಿನಲ್ಲಿ ಸೊಳ್ಳೆಮರಿಗಳು ಕುಣಿಯತೊಡಗಿದವು. ಇಡೀ ಸೊಸೈಟಿ ಮೈ ಕೆರೆದುಕೊಳ್ಳುತ್ತ ಸೆಕ್ರೆಟರಿಯನ್ನು ನೆನೆಯಿತು.

ಇವತ್ತು ಬೆಳಿಗ್ಗೆ ಫೋನು: ಸಂಜೆ ಐದಕ್ಕೆ ಪಾಲಿಕೆಯವರು ಕೊಳ ನೋಡಲು ಬರುತ್ತಾರಂತೆ! ಮೂರ್ತಿ ಕಾಫಿ ಅರ್ಧಕ್ಕೇ ಬಿಟ್ಟು ಗೇಟಿಗೆ ಓಡಿದ. ಸೊಳ್ಳೆಮರಿ ಸಿಕ್ಕರೆ ನೋಟಿಸು, ನೋಟಿಸು ಬಂದರೆ ಕುರ್ಚಿ ಹೋಯಿತು. ಮೂರನೇ ಮಹಡಿಯ ವನಮಾಲಾ ಅದಕ್ಕೆ ಆಗಲೇ ಟವೆಲ್ ಹಾಕಿ ಕಾಯುತ್ತಿದ್ದರು.

"ನಾ ಅವತ್ತ ಹೇಳಿದ್ನಲ್ರೀ ಸಾಹೇಬ್ರ," ಅಂದ ಕಲಬುರಗಿಯ ವಾಚ್‌ಮನ್ ಮಾನಪ್ಪ. "ಆ ಮೀನ ಸೊಳ್ಳಿಮರಿ ತಿಂತಾವು. ನೀವು ಚೆಲ್ಲು ಅಂದ್ರಿ, ನನಗ ಜೀವ ತಡೀಲಿಲ್ಲ. ಮುಂಬ್ರಾದಾಗ ನಮ್ಮ ತಂಗಿ ಇರೋ ಚಾಳಿನ ಬಾವ್ಯಾಗ ಬಿಟ್ಟು ಬಂದೀನಿ."

ಮೂರ್ತಿ ಬಕೆಟ್ ಹಿಡಿದು ಮುಂಬ್ರಾದ ಆ ಒಂಟಿಕೋಣೆಗಳ ವಠಾರಕ್ಕೆ ಓಡಿದ.

"ಎಲ್ಲಾ ಒಯ್ತೀನಂದ್ರ ಹ್ಯಾಂಗ್ರಿ?" ಮಾನಪ್ಪನ ತಂಗಿ ಚಂದ್ರಬಾಯಿ ಬಾವಿಗೆ ಅಡ್ಡ ನಿಂತಳು. "ಹೋದ ವರ್ಷ ಮನಿಗೊಬ್ರು ಜ್ವರ ಬಂದು ಮಲಗಿದ್ರು. ಈ ಸಲ ಈ ಮೀನಿನ ಪುಣ್ಯೇಕ ಹುಡುಗ್ರು ಹಾಯಾಗಿ ಮಲಗ್ಯಾವು. ಅರ್ಧ ಬಕೆಟ್ ಒಯ್ರಿ, ಹೆಚ್ಚಿಗಿ ಕೇಳಬ್ಯಾಡ್ರಿ."

ಎರಡು ಡಿಗ್ರಿ ಮಾಡಿಯೂ ತನಗೆ ಹೊಳೆಯದ್ದು ಇವಳಿಗೆ ಗೊತ್ತಿದೆಯಲ್ಲ ಎಂದು ಮೂರ್ತಿಗೆ ನಾಚಿಕೆಯಾಯಿತು. ಮಂಕುದಿಣ್ಣೆ, ಎಂದು ತನ್ನನ್ನೇ ಬೈದುಕೊಂಡ.

ರಿಕ್ಷಾದಲ್ಲಿ ಬಕೆಟ್ ತೊಡೆಯ ಮೇಲೆ. ಪ್ರತಿ ಹಳ್ಳಕ್ಕೂ ಒಂದು ಅಭಿಷೇಕ. ಗೇಟಿಗೆ ಬರುವಷ್ಟರಲ್ಲಿ ಪ್ಯಾಂಟು ಪೂರ್ತಿ ಒದ್ದೆಯಾಗಿತ್ತು.

"ಎಂಥದು ಮಾರಾಯ್ರೆ, ಬೆಳ್ಳುಳ್ಳಿ ಸಹ ಮುಟ್ಟದವರು ಮೀನು ತಂದದ್ದಾ?" ವನಮಾಲಾ ಊರಿಗೆಲ್ಲ ಕೇಳುವಂತೆ ಕೂಗಿದರು. "ರುಕ್ಮಿಣಿಗೆ ಗೊತ್ತುಂಟಾ?"

ಗೊತ್ತಾಗಿಯೇ ಹೋಯಿತು. "ರೀ, ಸ್ನಾನ ಮಾಡದೆ ಒಳಗೆ ಕಾಲಿಟ್ಟೀರಿ, ಹುಷಾರ್!" ಎಂದು ಬಾಲ್ಕನಿಯಿಂದಲೇ ಹೆಂಡತಿಯ ಅಪ್ಪಣೆ ಇಳಿಯಿತು.

ಮೂರ್ತಿ ಮೀನುಗಳನ್ನು ಕೊಳಕ್ಕೆ ಬಿಟ್ಟು, "ತಿನ್ರಪ್ಪ, ನನ್ನ ಮಾನ ನಿಮ್ಮ ಹೊಟ್ಟೇಲಿದೆ," ಎಂದು ಕಟ್ಟೆಯ ಮೇಲೆ ಕೂತ. ಅವೂ ಗಬಗಬ ತಿನ್ನತೊಡಗಿದವು.

ಐದಕ್ಕೆ ಸರಿಯಾಗಿ ಪಾಲಿಕೆಯ ಮಯೂರ್ ಬಂದ. ಜೊತೆಗೆ ಇಬ್ಬರು ಆಳು, ಒಂದು ಬಲೆ, ಒಂದು ಡ್ರಮ್ಮು. ಮೂರ್ತಿ ಉಸಿರು ಬಿಡದೆ ಭಾಷಣ ಶುರು ಮಾಡಿದ. ಮೀನು ಇದ್ದರೆ ಸೊಳ್ಳೆಯಿಲ್ಲ, ಸೊಳ್ಳೆಯಿಲ್ಲದಿದ್ದರೆ ಜ್ವರವಿಲ್ಲ, ಕೊಳ ಚೆನ್ನಾಗಿದ್ದರೆ ಜನ ಚೆನ್ನಾಗಿರುತ್ತಾರೆ!

"ಅಂದರೆ ಮೀನು ಇವೆ?"

"ಇವೆ ಸರ್! ನೂರಕ್ಕೆ ಕಡಿಮೆಯಿಲ್ಲ!"

ಮಯೂರ್ ಒಂದು ಕಾಗದ ಬಿಚ್ಚಿದ. "ಅರ್ಜ್ ತುಮಚಾಚ್ ನಾ?"

ಅರ್ಜಿ ಮೂರ್ತಿಯದೇ. ‘ಕೊಳದ ಮೀನು, ಕಪ್ಪೆಗಳನ್ನು ಕೂಡಲೇ ತೆಗೆಸಿಕೊಡಬೇಕಾಗಿ ವಿನಂತಿ.’ ಕೆಳಗೆ ಉದ್ದದ ಸಹಿ, ಸೊಸೈಟಿಯ ಮೊಹರು.

"ಅಯ್ಯೋ, ಅದು ಹಳೇದು ಸರ್! ವಾಪಸ್ ತಗೋತೀನಿ!"

"ಅದಕ್ಕೆ ಬೇರೆ ಅರ್ಜಿ ಬೇಕು, ತಿಂಗಳಾಗುತ್ತದೆ," ಎಂದು ಮಯೂರ್ ಮರಾಠಿಯಲ್ಲಿ ಸಮಾಧಾನವಾಗಿ ವಿವರಿಸಿದ. "ಮೀನು ಇಲ್ಲದಿದ್ದರೆ ‘ತೊಂದರೆಯಿಲ್ಲ’ ಅಂತ ಬರೆದುಕೊಂಡು ಹೋಗುತ್ತಿದ್ದೆ. ನೀವೇ ನೂರು ಅಂದಿರಿ."

ಬಲೆ ಇಳಿಯಿತು. ಮೀನೆಲ್ಲ ಡ್ರಮ್ಮು ಸೇರಿದವು.

"ಮತ್ತೆ ಉಳಿದ ಈ ಸೊಳ್ಳೆಮರಿ?" ಮೂರ್ತಿ ಕೊಳದತ್ತ ಬೆರಳು ತೋರಿಸಿದ.

"ಅದು ಬೇರೆ ಖಾತೆ. ಅವರು ನಾಳೆ ಬರುತ್ತಾರೆ."

ಗಾಡಿ ಹೋಯಿತು. ಬಾಲ್ಕನಿಯಲ್ಲಿ ವನಮಾಲಾ ನಗುತ್ತಿದ್ದರು. ಮಾನಪ್ಪ ಖಾಲಿ ಬಕೆಟ್ ಎತ್ತಿಕೊಂಡ. "ಇನ್ನ ಚಂದ್ರಿ ಒಂದು ಮೀನಾನೂ ಕೊಡಂಗಿಲ್ರಿ ಸಾಹೇಬ್ರ."

ಮೂರ್ತಿ ಕತ್ತಿನ ಮೇಲೆ ಕೂತ ಸೊಳ್ಳೆಗೆ ಪಟ್ ಅಂತ ಹೊಡೆದ. "ಮೀನು ಬೇಡಪ್ಪ. ಆ ಚಾಳಿನಲ್ಲಿ ಒಂದು ರೂಮು ಖಾಲಿ ಇದೆಯಾ ಕೇಳು."