ಎತ್ತಿಗೂ ನಿದ್ದೆ ಬಾರದ ಹಾಡು

ನಮ್ಮ ಶಿಲ್ಪಾಳಿಗೆ ಫಸ್ಟ್ ಪ್ರೈಜ್ ಬಂತು. ಒಂಬತ್ತನೇ ಕ್ಲಾಸಿನ ಮೊಮ್ಮಗಳು, ಚಿತ್ರದುರ್ಗದಲ್ಲಿ ನಡೆದ ಶಾಲಾ ಮಕ್ಕಳ ಕಂಪ್ಯೂಟರ್ ಸ್ಪರ್ಧೆಯಲ್ಲಿ ಗೆದ್ದುಬಿಟ್ಟಳು. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆ ಮುಟ್ಟುವ ತನಕ ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದೆ. ಬಾಳೆಹಣ್ಣಿನ ಗಾಡಿಯವನಿಗಂತೂ ಎರಡು ಸಲ ಹೇಳಿದೆನಂತೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಕಂಪ್ಯೂಟರ್ ಅಂದರೆ ಬಟ್ಟೆ ಹೊದಿಸಿಟ್ಟ ಟಿವಿ ಎಂದೇ ತಿಳಿದಿದ್ದೆ. ಹಿಗ್ಗುವುದಕ್ಕೆ ಅಷ್ಟು ಓದು ಸಾಕು.

ಫೋಟೋ ತೆಗೆಯುವ ಮೊಬೈಲು ನಮ್ಮ ಬೀದಿಗೆ ಇನ್ನೂ ಹೊಸದಾಗಿದ್ದ ಕಾಲ ಅದು. ಶಾಲೆಯ ಕಂಪ್ಯೂಟರ್ ಮೇಡಂ ಮಕ್ಕಳಿಗೆ ಪಾಠ ಮಾಡಿದ್ದರು: ಇನ್ನೊಬ್ಬರ ಚಿತ್ರ, ಹಾಡು, ಬರಹ ತಗೊಂಡರೆ ಅವರ ಹೆಸರು ಹಾಕಬೇಕು, ಒಪ್ಪಿಗೆ ಕೇಳಬೇಕು, ಕದ್ದು ನಂದು ಅನ್ನಬಾರದು. ಅವತ್ತಿನಿಂದ ಶಿಲ್ಪಾ ನನ್ನ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಕೇಳತೊಡಗಿದಳು. ನಾನು ಒಪ್ಪಿ, ಸೆರಗು ಸರಿ ಮಾಡಿಕೊಂಡು ಕೂರುವಷ್ಟರಲ್ಲಿ ಮುಖ ಕಲ್ಲಾಗಿರುತ್ತಿತ್ತು.

ಹಾಡಿಗೆ ಚಿತ್ರ ಕೂಡಿಸಿ ಪರದೆ ಮೇಲೆ ತೋರಿಸುವ ಆ ಸ್ಪರ್ಧೆಗೆ ಅವಳು ಆರಿಸಿಕೊಂಡದ್ದು ಮನೆಯ ಜೋಗುಳ, ನನ್ನ ದನಿಯಲ್ಲಿ. ಅವಳು ಕೂಸಾಗಿದ್ದಾಗ ನಾನು ಹಾಡಿ ಮಲಗಿಸುತ್ತಿದ್ದದ್ದು. ಕಟ್ಟಿದವರು ಅಜ್ಜಿ ಎಂದು ಬರೆಯಲು ಹೊರಟಳು. "ನಂದಲ್ಲ ಕಣವ್ವ, ನಿಮ್ಮಜ್ಜಂದು" ಅಂದೆ.

ಆಗಿನ ಪದ್ಧತಿ ಈಗಿನವರಿಗೆ ನಗು ತರಿಸಬಹುದು. ಹಿರಿಯರ ಮುಂದೆ ಗಂಡಸು ತನ್ನ ಕೂಸನ್ನು ಎತ್ತಿಕೊಳ್ಳುವಂತಿರಲಿಲ್ಲ. ನಮ್ಮ ಮಾವ ಜಗಲಿಯ ಮೇಲೆ ಕೂತಿದ್ದರೆ ಇವರು ತೊಟ್ಟಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸಂಜೆ ನಾನು ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೊಟ್ಟಿಗೆಗೆ ಹೋದರೆ, ಎತ್ತಿಗೆ ಹುಲ್ಲು ಹಾಕುವ ನೆವದಲ್ಲಿ ಬಂದು ಎದೆಗವಚಿಕೊಂಡು ಮೆಲ್ಲಗೆ ಹಾಡುತ್ತಿದ್ದರು:

ಅತ್ತರೆ ಎತ್ತಿಗೂ ನಿದ್ದೆ ಬಾರದು ಕಂದ,
ನೀ ಸುಮ್ಮನಿದ್ದರೆ ಮೆಲುಕಾಡಿ ಮಲಗ್ಯಾವು.

ಆ ಹುಲ್ಲಿನ ವಾಸನೆ, ಆ ಮೆಲ್ಲನೆ ದನಿ ನನ್ನ ಬಿಟ್ಟರೆ ಎತ್ತುಗಳಿಗಷ್ಟೇ ಗೊತ್ತು.

ಶಿಲ್ಪಾ ಒಪ್ಪಿಗೆ ಕೇಳಲು ಹೋದಳು. ಇವರು ಎಲೆಅಡಿಕೆ ಜಗಿಯುತ್ತಾ, "ಗಂಡಸರು ಜೋಗುಳ ಕಟ್ತಾರೇನೆ? ನಂಗೊತ್ತಿಲ್ಲ" ಎಂದು ಮುಖ ತಿರುಗಿಸಿದರು. ಸ್ಪರ್ಧೆಗೆ ಕೊಡಲು ಮಾರನೆಯ ದಿನವೇ ಕಡೆ. ಒಪ್ಪಿಗೆಯಿಲ್ಲದ ಹಾಡನ್ನು ಮೇಡಂ ತೆಗೆದುಕೊಳ್ಳುವುದಿಲ್ಲ, ನನ್ನ ಹೆಸರು ಹಾಕಿದರೆ ಸುಳ್ಳಾಗುತ್ತದೆ. ಹುಡುಗಿಯ ಕಣ್ಣು ತುಂಬಿತು. ನಾನು ಅವಳ ಕಿವಿಯಲ್ಲಿ ಒಂದು ಉಪಾಯ ಊದಿದೆ.

ಜಗಲಿಗೆ ಕೇಳುವ ಹಾಗೆ ನಡುಮನೆಯಲ್ಲಿ ಕೂತು ಹಾಡಿದಳು: ಅತ್ತರೆ ಎಮ್ಮೆಗೂ ನಿದ್ದೆ ಬಾರದು ಕಂದ. ಎರಡನೇ ಸಲಕ್ಕೆ ಇವರು ಎದ್ದು ಒಳಗೇ ಬಂದರು.

"ಲೇ, ಎಮ್ಮೆ ಎಲ್ಲಿಂದ ಬಂತು? ನಮ್ಮನೇಲಿ ಯಾವತ್ತು ಎಮ್ಮೆ ಕಟ್ಟಿದ್ವಿ? ಎತ್ತು ಕಣೆ, ಎತ್ತು. ಕೊಟ್ಟಿಗೇಲಿ ನಿಮ್ಮಪ್ಪನ್ನ ಎತ್ಕಂಡು ಹಾಡ್ದೋನು ನಾನು."

ತಿದ್ದಲು ಹೋಗಿ ಪೂರ್ತಿ ಹಾಡಿಬಿಟ್ಟರು. ಮುಗಿದ ಮೇಲೆ ನೋಡಿದರೆ ಬಾಗಿಲಲ್ಲಿ ಮಗ ನಿಂತಿದ್ದ, ಮೀಸೆ ನೆರೆಯತೊಡಗಿದ ನನ್ನ ಮಗ. "ಅಪ್ಪ ನನ್ನ ಎತ್ಕಂಡಿದ್ರು ಅಂತ ಇವತ್ತೇ ಗೊತ್ತಾಗಿದ್ದು" ಎಂದ. ಇವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬರ್ಕ ಹೋಗು. ಹೆಸರು ಸಣ್ಣಕ್ಕೆ ಹಾಕು" ಎಂದು ಹೊರಗೆ ಹೋದರು.

ಚಿತ್ರದುರ್ಗದ ಸಭೆಯಲ್ಲಿ ಪರದೆ ಮೇಲೆ ಅದು ದೊಡ್ಡದಾಗಿಯೇ ಬಂತು. ಕಟ್ಟಿದವರು ಅಜ್ಜ, ಹಾಡಿದವರು ಅಜ್ಜಿ.

ಪ್ರೈಜ್ ಬಂದ ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಇವರು ಅವರೆಕಾಳಿನ ಸಾರು ಸುರಿದುಕೊಂಡು, "ನಿನ್ನ ಕೈ ಇನ್ನೂ ಹಂಗೇ ಐತೆ ನೋಡು" ಎಂದು ನನ್ನನ್ನು ಹೊಗಳಿದರು. ನಾನು ನಾಚಿಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಶಿಲ್ಪಾಳ ಕೈ ತಟ್ಟೆಯಲ್ಲೇ ನಿಂತಿತು, ನನ್ನನ್ನೇ ನೋಡುತ್ತಿದ್ದಳು.

"ಸಾರು ಸೊಸೇದು ಕಣ್ರೀ. ಮುದ್ದೆ ಮಾತ್ರ ನಂದು" ಎಂದೆ.

ಇವರು ಮುದ್ದೆ ಮುರಿದರು. "ಅದಕ್ಕೇ ಗಂಟು ಐತೆ."

ಹೆಸರು ಹಾಕಿಸಿಕೊಂಡವರು ಗಂಟನ್ನೂ ಹೊರಬೇಕೆಂದು ಆ ಮೇಡಂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ನಗುತ್ತಾ ಉಂಡರು. ನಾನೂ ನನ್ನ ಗಂಟನ್ನು ಸಾರಿನಲ್ಲಿ ಅದ್ದಿ ನುಂಗಿದೆ.