ಪಂಚಾಕ್ಷರಪ್ಪನ ಗಾಳಿಮರೆ

ಮೋಟಾರ್ ಸೈಕಲ್ ಹತ್ತಿದರೆ ಸಾಕು, ಪಂಚಾಕ್ಷರಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದುರ್ಗದ ಬೆಟ್ಟಸಾಲು ದಾಟಿದ ಮೇಲೆ ಬಯಲಿನಲ್ಲಿ ಗಾಳಿಯನ್ನು ತಡೆಯುವವರೇ ಇಲ್ಲ. ಅದು ನೇರವಾಗಿ ಬಂದು ಅವನ ಮುಖಕ್ಕೇ ಹೊಡೆಯುತ್ತಿತ್ತು. ಕಣ್ಣೀರಿಗೆ ದೂಳು ಮೆತ್ತಿಕೊಂಡು, ಊರು ಮುಟ್ಟುವ ಹೊತ್ತಿಗೆ ಮುಖ ಆಗಷ್ಟೇ ಸಾರಿಸಿದ ಗೋಡೆಯಂತೆ ಆಗಿರುತ್ತಿತ್ತು.

ಅವನದು ದೇವಿ ಹಾಕುವ ಇನ್ಸ್‌ಪೆಕ್ಟರ್ ಕೆಲಸ. ಸಿಡುಬು ಬರದ ಹಾಗೆ ಮಕ್ಕಳ ತೋಳಿಗೆ ಚುಚ್ಚುವುದು. ಗಣಿ ಕಂಪನಿಯ ದೊರೆಯೊಬ್ಬ ಸೀಮೆಗೆ ವಾಪಸು ಹೋಗುವಾಗ ಬಿಟ್ಟುಹೋದ ಗಾಡಿ ಅವನ ಪಾಲಿಗೆ ಬಂದಿತ್ತು. ಅದರ ಸದ್ದು ಒಂದು ಮೈಲಿ ಮುಂಚೆಯೇ ಕೇಳುತ್ತಿದ್ದುದರಿಂದ ತಾಯಂದಿರಿಗೆ ಅನುಕೂಲವಾಯಿತು. ಅವನು ಬರುವಷ್ಟರಲ್ಲಿ ಮಕ್ಕಳೆಲ್ಲ ಅಟ್ಟದ ಮೇಲೋ ಹುಲ್ಲಿನ ಬಣವೆಯ ಹಿಂದೋ ಇರುತ್ತಿದ್ದರು, ಬಾಗಿಲುಗಳು ಮುಚ್ಚಿರುತ್ತಿದ್ದವು. ಎಷ್ಟೋ ಊರಲ್ಲಿ ಅವನಿಗೆ ಕುಡಿಯಲು ನೀರು ಕೊಡುವವರೂ ಸಿಗುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಅಲ್ಲೂ ಯಾರಿಲ್ಲ. ಹೆಂಡತಿ ಪಾರ್ವತಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗಾಡಿ ಒರೆಸುತ್ತ ಅವನು ಅದರ ಜೊತೆ ಮಾತಾಡುವುದು ಪಕ್ಕದ ಮನೆಯ ಏಕನಾಥಮ್ಮನ ಕಿವಿಗೂ ಬಿದ್ದಿತ್ತು.

ಅವನಿಗೊಂದು ಸಂಬಂಧ ನೋಡಿದ್ದು ಆ ಮುದುಕಿಯೇ. ರಾಮಗಿರಿಯ ಕೆಂಚಪ್ಪನ ತಂಗಿ ಅನ್ನಪೂರ್ಣಮ್ಮ, ಗಂಡ ಸತ್ತು ತವರಲ್ಲಿದ್ದವಳು. ಉಡಿಕೆ, ಅಂದರೆ ಮರುಮದುವೆ, ಮಾಡಿಕೊಡಲು ಮನೆಯವರ ಅಡ್ಡಿ ಇರಲಿಲ್ಲ. ಜ್ಯೇಷ್ಠದಲ್ಲಿ ಪಂಚಾಕ್ಷರಪ್ಪ ಒಮ್ಮೆ ಹೋಗಿ ಬಂದಿದ್ದ. ಮೂವತ್ತು ಮೈಲಿ ಗಾಳಿ ತಿಂದ ಕಣ್ಣು ಜಗುಲಿಯಲ್ಲಿ ಕೂತರೂ ನಿಲ್ಲಲಿಲ್ಲ. ಕೆಂಚಪ್ಪ ಏನು ಕೇಳಿದರೂ ಮೂಗು ಒರೆಸಿಕೊಂಡೇ ಉತ್ತರ ಕೊಟ್ಟಿದ್ದ. ಇಂಥ ಗಂಡಸಿಗೆ ಯಾರು ಹೆಣ್ಣು ಕೊಟ್ಟಾರು ಎಂದು ನಾಚಿಕೆಯಿಂದ ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೆ ಆಷಾಢ ಕಳೆಯುತ್ತಲೇ ಹೇಳಿಕೆ ಬಂತು: ಶ್ರಾವಣದ ಮೊದಲ ಸೋಮವಾರ ಬರಬೇಕು, ಹುಡುಗಿ ತಾನೇ ಮಾತಾಡಬೇಕಂತೆ.

ರೈಲಿಗೆ ಹೋಗಬಹುದಿತ್ತು. ಆದರೆ ಮೋಟಾರ್ ಸೈಕಲ್ ಬಿಟ್ಟರೆ ತನ್ನಲ್ಲಿ ತೋರಿಸಿಕೊಳ್ಳುವಂಥದ್ದು ಇನ್ನೇನೂ ಇಲ್ಲವೆಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಮದರಾಸಿಗೆ ಬರೆದು ಒಂದು ಗಾಳಿಮರೆ ತರಿಸಿದ. ಬಂದದ್ದು ಗಾಜಿನಂತೆ ಆಚೆ ಕಾಣುವ ಸೆಲ್ಯುಲಾಯ್ಡಿನ ಒಂದು ತುಂಡು, ಶಾಲೆಯ ಮಕ್ಕಳ ಹಲಗೆಯಷ್ಟು. ಹ್ಯಾಂಡಲಿಗೆ ಕಟ್ಟಿ ನೋಡಿದರೆ ಎದೆಗೆ ಮಾತ್ರ ಮರೆ, ಮುಖಕ್ಕೆ ಮೊದಲಿಗಿಂತ ಹೆಚ್ಚು ಗಾಳಿ.

ಭಾನುವಾರ ಅದನ್ನು ಹಿಡಿದುಕೊಂಡು ತಗಡಿನ ಕೆಲಸದ ಜಮಾಲ್ ಸಾಬರ ಅಂಗಡಿಗೆ ಹೋದ. ಸಾಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಕಿಟಕಿ, ಇದಕ್ಕೊಂದು ಗೋಡೆ ಬೇಕು ಅಂದರು. ಸೀಮೆಎಣ್ಣೆ ಡಬ್ಬ ಬಿಚ್ಚಿ ತಗಡು ಚಪ್ಪಟೆ ಮಾಡಿ, ಎದೆಯಿಂದ ತಲೆಯವರೆಗೆ ಮರೆ ಕಟ್ಟಿ, ಕಣ್ಣಿನ ನೇರಕ್ಕೆ ಮದರಾಸಿನ ತುಂಡು ಕೂರಿಸಿದರು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಪಿಂಚಣಿಯಲ್ಲಿದ್ದ ಶೇಕದಾರ ಮಾರಣ್ಣ ಅಲ್ಲಿಗೆ ಬಂದು, ಗಾಳಿ ಪಕ್ಕದಿಂದಲೂ ಬರುತ್ತದಲ್ಲ ಎಂದು ಕೇಳಿದರು. ಎರಡೂ ಕಡೆ ಆನೆಯ ಕಿವಿಯಂಥ ರೆಕ್ಕೆ ಬಂದವು. ಮೊಣಕಾಲಿಗೆ ಶೀತವಾದರೆ ಮುದಿತನದಲ್ಲಿ ಕಷ್ಟ ಎಂದು ಏಕನಾಥಮ್ಮ ಹೇಳಿದ್ದರಿಂದ ಕಾಲಿಗೂ ಎರಡು ತಗಡು ಬಿದ್ದವು. ಕೊನೆಗೆ ಗಾಡಿ ಚಕ್ರ ಇರುವ ಬೀರುವಿನ ಹಾಗೆ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಬಿಳಿ ಕೋಟು ತೊಟ್ಟು, ಜರಿ ರುಮಾಲು ಸುತ್ತಿ ಹೊರಟ. ಬಯಲಿಗೆ ಬಂದಾಗ ಗಾಳಿ ತಗಡಿಗೆ ಬಡಿದು ಭೋರ್ಗರೆಯಿತು. ಒಳಗೆ ಮಾತ್ರ ಗರ್ಭಗುಡಿಯಂತೆ ತಣ್ಣಗೆ. ರುಮಾಲಿನ ಜರಿ ಕೂಡ ಅಲುಗಲಿಲ್ಲ. ಅವನು ಹಿಗ್ಗಿನಿಂದ ಎರಡು ಸಾಲು ಹಾಡಿಕೊಂಡ. ಮೂರನೆಯ ಸಾಲಿಗೆ ದಾರಿ ತಿರುಗಿತು, ಗಾಳಿ ಪಕ್ಕಕ್ಕೆ ಬಂತು. ಮಾರಣ್ಣನ ರೆಕ್ಕೆ ಗಾಳಿ ತುಂಬಿಕೊಂಡು ಗಾಡಿಯನ್ನೂ ಅವನನ್ನೂ ಎತ್ತಿ ಸಜ್ಜೆ ಹೊಲದೊಳಕ್ಕೆ ಇಳಿಸಿತು. ಎದುರಿಗೆ ಬರುತ್ತಿದ್ದ ಹುಲ್ಲಿನ ಗಾಡಿಯ ಎತ್ತುಗಳು ಹೊಳೆಯುವ ತಗಡು ಕಂಡು ಬೆದರಿ ಇನ್ನೊಂದು ಕಡೆಯ ಹೊಲಕ್ಕೆ ಇಳಿದವು. ಗಾಡಿಯವನು ಬೈಯಲಿಲ್ಲ. ಇದು ಏನು ಎಂದಷ್ಟೇ ಕೇಳಿದ. ಗಾಳಿಮರೆ ಎಂದಾಗ ಹಾರಿದ ತನ್ನ ಹುಲ್ಲಿನ ಕಡೆ ನೋಡಿ, ನಮಗೂ ಒಂದು ಬೇಕಿತ್ತು ಅಂದ. ಇಬ್ಬರೂ ಸೇರಿ ಹುಲ್ಲು ತುಂಬಿ, ಗಾಡಿಗಳನ್ನು ರಸ್ತೆಗೆ ಎಳೆದರು. ದೂಳಿಗೆ ಹೆದರಿ ಕೋಟನ್ನು ಮೊದಲೇ ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದರಿಂದ ಅದು ಬಚಾವಾಯಿತು.

ಹೊಳಲ್ಕೆರೆಯಲ್ಲಿ ಇನ್ನೊಂದು ಫಜೀತಿ ಕಾದಿತ್ತು. ಜಮಾಲ್ ಸಾಬರು ಡಬ್ಬದ ಮೇಲಿನ ಬಣ್ಣದ ಬರಹವನ್ನು ಅಂದವಾಗಿದೆಯೆಂದು ಹೊರಮೈಗೇ ಬಿಟ್ಟಿದ್ದರು. ಊರ ಬಾಗಿಲಲ್ಲಿ ಸೀಮೆಎಣ್ಣೆ ಎಂಬ ದಪ್ಪ ಅಕ್ಷರ ಕಂಡದ್ದೇ ಹೆಂಗಸರು ಸೀಸೆ, ಚೊಂಬು, ಬುಡ್ಡಿ ಹಿಡಿದು ಓಡಿಬಂದರು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಊರು ತನ್ನ ಕಡೆಗೆ ಓಡಿಬಂದದ್ದನ್ನು ಪಂಚಾಕ್ಷರಪ್ಪ ಮೊದಲ ಸಲ ನೋಡಿದ. ಒಬ್ಬಾಕೆ ಕೇಳುವ ಮೊದಲೇ ಮಜ್ಜಿಗೆ ತಂದುಕೊಟ್ಟಳು. ಅವನು ನಿಧಾನವಾಗಿ, ಆದಷ್ಟು ನಿಧಾನವಾಗಿ ಕುಡಿದ. ಆಮೇಲೆ ಎಣ್ಣೆ ಇಲ್ಲ, ತಾನು ದೇವಿ ಹಾಕುವವನು ಎಂದು ಹೇಳಲೇಬೇಕಾಯಿತು. ಚೊಂಬು ಕಸಿದುಕೊಂಡು ಆಕೆ ಹೋದಳು. ಹಿಂದೆಯೇ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ರಾಮಗಿರಿ ಮುಟ್ಟಿದಾಗ ಅವನು ಕಿಸೆಯ ಕನ್ನಡಿ ತೆಗೆದು ನೋಡಿಕೊಂಡ. ಕಣ್ಣು ಒಣಗಿತ್ತು, ಮೀಸೆ ನೇರವಾಗಿತ್ತು. ಕೋಟು ಸರಿಯಾಗಿ ತಿರುಗಿಸಿ ತೊಟ್ಟುಕೊಂಡ.

ಕೆಂಚಪ್ಪ ಜಗುಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ಮಳೆ ಬೆಳೆ ಮಾತಾದ ಮೇಲೆ, ಒಳಬಾಗಿಲ ಹತ್ತಿರ ಬಳೆ ಸದ್ದಾದ ಮೇಲೆ, ಹೋದ ಸಲದಂತೆಯೇ ಪಾರ್ವತಮ್ಮನ ವಿಷಯ ಎತ್ತಿದ. ಪಂಚಾಕ್ಷರಪ್ಪ ಬೆನ್ನು ನೆಟ್ಟಗೆ ಮಾಡಿ, ದಫ್ತರ ಓದಿದಂತೆ ಹೇಳಿದ: ವಿಷಮಶೀತ ಜ್ವರ, ಹನ್ನೊಂದು ದಿನ, ತಾನು ಹಿರಿಯೂರಿನ ಕಡೆ ಕೆಲಸದ ಸರ್ಕೀಟಿನಲ್ಲಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು. ಒಂದು ಹನಿ ನೀರು ಬರಲಿಲ್ಲ. ಆ ಹುರುಪಿನಲ್ಲೇ, ಹೋದ ಸಲ ತನ್ನನ್ನು ಅಳುಬುರುಕ ಎಂದುಕೊಂಡಿರಬೇಕು, ಅದೆಲ್ಲ ಬರೀ ಗಾಳಿ, ಈಗ ಅದಕ್ಕೆ ಮರೆ ಕಟ್ಟಿಸಿದ್ದೇನೆ ಎಂದು ಹೊರಗೆ ನಿಂತ ಗಾಡಿಯನ್ನು ಕೈಮಾಡಿ ತೋರಿಸಿದ.

ಕೆಂಚಪ್ಪ ಗಾಡಿ ನೋಡಲಿಲ್ಲ, ಒಳಬಾಗಿಲು ನೋಡಿದ. ಅನ್ನಪೂರ್ಣಮ್ಮ ಹೊರಗೆ ಬಂದು ನಿಂತಳು.

"ಹೋದ ಸಲ ನಾನು ಒಳಗಿಂದ ನೋಡ್ದೆ ಕಣ್ರಿ," ಅಂದಳು. "ಹೆಂಡ್ತಿ ಹೆಸರು ಬಂದಾಗ ಕಣ್ಣೀರು ಹಾಕಿದ್ರಿ. ನಮ್ಮೋರು ಸತ್ತಾಗ ಗಂಡನ ಮನೇಲಿ ಒಬ್ಬರೂ ಅಳಲಿಲ್ಲ. ಅದಕ್ಕೇ, ಇಂಥೋರ ಮನೇಲಿ ಬಾಳಬಹುದು ಅಂತ ನಾನೇ ಅಣ್ಣಂಗೆ ಹೇಳಿ ಕರೆಸ್ದೆ. ಅದು ಗಾಳಿನಾ?"

ಸುಳ್ಳು ಹೇಳಲು ಅಲ್ಲಿ ಬೇಕಾದಷ್ಟು ಜಾಗವಿತ್ತು. ಪಂಚಾಕ್ಷರಪ್ಪನಿಗೆ ಅದು ಹೊಳೆಯಲಿಲ್ಲ. ಅವನು ಕಣ್ಣು ಪಿಳುಕಿಸಿದ. ಪಾರ್ವತಮ್ಮ ಒಲೆ ಊದುತ್ತಿದ್ದುದನ್ನು ನೆನೆಸಿಕೊಂಡ, ತಾನಿಲ್ಲದೆ ಹೋದ ಹನ್ನೊಂದು ದಿನ ನೆನೆಸಿಕೊಂಡ. ಎದೆ ಕಲ್ಲಿನಷ್ಟು ಭಾರವಾಯಿತು, ಕಣ್ಣು ಮಾತ್ರ ಒಣಗಿಯೇ ಉಳಿಯಿತು.

"ಗಾಳಿನೇ ಕಣಮ್ಮ," ಅಂದ.

ಆಕೆ, ಊಟ ಮಾಡಿಕೊಂಡು ಹೋಗಬೇಕೆಂದು ಅಣ್ಣನಿಗೆ ಹೇಳಿ ಒಳಗೆ ಹೋದಳು. ಊಟ ಚೆನ್ನಾಗಿತ್ತು. ಸಂಬಂಧದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವನು ವಾಪಸು ದುರ್ಗ ಸೇರುವಾಗ ಇನ್ನೂ ಬಿಸಿಲಿತ್ತು. ಮನೆ ಮುಂದೆ ಏಕನಾಥಮ್ಮ, ಮಾರಣ್ಣ, ಜಮಾಲ್ ಸಾಬರು ಮೂವರೂ ಕೂತಿದ್ದರು. ಅವನು ಬಾಯಿ ತೆಗೆಯುವ ಮೊದಲೇ ಗಾಳಿ ಬಡಿಯಿತೇ ಎಂದು ಸಾಬರು ಕೇಳಿದರು. ಇಲ್ಲ, ಹನಿ ನೀರು ಬರಲಿಲ್ಲ ಎಂದು ಅವನು ಹೇಳಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಸಾಬರು ಹಿಂದಿನಿಂದ ಹೊಸ ತಗಡಿನದೊಂದು ಸಾಮಾನು ಎತ್ತಿ ಮುಂದಿಟ್ಟರು. ತೊಟ್ಟಿಲಿಗೆ ಕಟ್ಟುವಂಥ ಪುಟ್ಟ ಗೂಡು, ಅಂಚಿಗೆ ಬಳ್ಳಿಯ ಚಿತ್ತಾರ. ಸೀರೆ ಸೆರಗು ಸಿಕ್ಕಿಕೊಳ್ಳದಿರಲೆಂದು ಅಂಚನ್ನು ಮಡಿಸಿ ಬಡಿದಿದ್ದರು. ಬೆಳಿಗ್ಗೆಯಿಂದ ಮೂವರೂ ಸೇರಿ ಮಾಡಿದ್ದಂತೆ.

"ಹಿಂದೆ ಕೂರೋರಿಗೂ ಮರೆ ಬೇಕಲ್ಲಪ್ಪ," ಅಂದಳು ಏಕನಾಥಮ್ಮ.

ಪಂಚಾಕ್ಷರಪ್ಪ ಬಳ್ಳಿಯ ಚಿತ್ತಾರದ ಮೇಲೆ ಬೆರಳಾಡಿಸಿದ. ಅವರು ಅದನ್ನು ಹಿಂದಿನ ಸೀಟಿಗೆ ಜೋಡಿಸತೊಡಗಿದಾಗ ತಾನೂ ಒಂದು ತುದಿ ಹಿಡಿದುಕೊಂಡ. ಮೊಳೆ ಬಾಯಲ್ಲಿಟ್ಟುಕೊಂಡೇ ಸಾಬರು, ಆಯಮ್ಮ ಎಷ್ಟು ಎತ್ತರ ಎಂದು ಕೇಳಿದರು.

ಅವನು ಕೈಯೆತ್ತಿ ತನ್ನ ಭುಜದ ಹತ್ತಿರ ಹಿಡಿದು, "ಇಷ್ಟು," ಎಂದು ತೋರಿಸಿದ.