ಹರಿಗೋಲಿಗೆ ಮೂತಿ ಯಾವುದು?

ಮಾರ್ಕೋನಹಳ್ಳಿ ಜಲಾಶಯವನ್ನು ಹಾಯಿ ಕಟ್ಟಿ ದಾಟುವುದು ಕಷ್ಟದ ಕೆಲಸವಲ್ಲ. ಒಂದು ಪುಸ್ತಕ, ಒಂದು ಪಂಚೆ, ಒಂದಿಷ್ಟು ಆತ್ಮವಿಶ್ವಾಸ ಇದ್ದರೆ ಸಾಕು. ಎಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ ನಾನು ಹಾಗೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ಆಗ ನಾನು ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರು. ಕುಣಿಗಲ್ಲಿನ ಮಾವನ ಮನೆಯಲ್ಲಿ ಮಾತ್ರ ಆಸ್ಥಾನ ವಿದ್ವಾಂಸ. ತೆಂಗಿಗೆ ಯಾವ ಗೊಬ್ಬರ, ಕೆಮ್ಮಿಗೆ ಯಾವ ಕಷಾಯ, ರಷ್ಯಾ ಎಷ್ಟು ದೂರ, ಎಲ್ಲವನ್ನೂ ಮಾವನವರು ನನ್ನನ್ನೇ ಕೇಳುತ್ತಿದ್ದರು. ಗೊತ್ತಿದ್ದರೆ ಹೇಳುತ್ತಿದ್ದೆ, ಗೊತ್ತಿಲ್ಲದಿದ್ದರೆ ಇನ್ನೂ ವಿವರವಾಗಿ ಹೇಳುತ್ತಿದ್ದೆ. ಈ ಪದವಿಗೆ ಸಂಚಕಾರ ತಂದವನು ಬಾಮೈದ ಶಂಕರ. ಕರಾವಳಿಯ ಬಂದರೊಂದರಲ್ಲಿ ಕೆಲಸಕ್ಕೆ ಸೇರಿ ಮೊದಲ ರಜೆಗೆ ಬಂದವನ ಬಾಯಲ್ಲಿ ಬರೀ ಹಡಗು. ಮಾವನವರು ಮೊಟ್ಟಮೊದಲ ಬಾರಿಗೆ ನನಗೆ ಬೆನ್ನು ಹಾಕಿ, ಅವನ ಕಡೆ ತಿರುಗಿ ಕೂತರು.

"ಭಾವ, ಪೋರ್ಟ್ ಯಾವ್ದು, ಸ್ಟಾರ್‌ಬೋರ್ಡ್ ಯಾವ್ದು, ಗೊತ್ತಾ ನಿಮ್ಗೆ?" ಎಂದ.

ಗೊತ್ತು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಮುಂದಿನ ಭಾನುವಾರ ಮಾರ್ಕೋನಹಳ್ಳಿಗೆ ಬಾ. ಹುಟ್ಟು ಮುಟ್ಟದೆ, ಬರೀ ಹಾಯೀಲಿ ಆಚೆ ದಡ ಸೇರಿಸ್ತೀನಿ" ಎಂದೂ ಸೇರಿಸಿದೆ!

ತುಮಕೂರಿನ ಲೈಬ್ರರಿಯಿಂದ ಹಾಯಿದೋಣಿ ಕಲಿಯುವವರ ಇಂಗ್ಲಿಷ್ ಪುಸ್ತಕ ತಂದೆ. ದೋಣಿಯ ಮೂತಿಯ ಕಡೆ ಮುಖ ಮಾಡಿ ಕೂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಆಮೇಲೆ ಮನುಷ್ಯ ಎತ್ತ ತಿರುಗಿದರೂ ಅವು ತಿರುಗವು. ಈ ಸತ್ಯವನ್ನು ಮೈಗೂಡಿಸಿಕೊಳ್ಳಲು ಮನೆಯನ್ನೇ ಹಡಗೆಂದು ಭಾವಿಸಿ, ಬೀದಿಬಾಗಿಲನ್ನು ಮೂತಿಯಾಗಿ ನೇಮಿಸಿದೆ. ಊಟಕ್ಕೆ ಕೂತಾಗ ಹೆಂಡತಿ ಸಾವಿತ್ರಿಗೆ, ಪೋರ್ಟ್ ಕಡೆಯ ಉಪ್ಪಿನಕಾಯಿ ಜಾಡಿ ಕೊಡು ಎಂದೆ.

"ಎಡಗಡೆ ಅನ್ನೋಕೆ ಬಾಯಿಗೇನು ಬಂದಿದೆ ನಿಮ್ಗೆ?" ಎಂದು ಕೇಳಿ ಅವಳು ಜಾಡಿಯನ್ನೇ ಒಳಗಿಟ್ಟಳು. ನಾವಿಕನ ಜೀವನ ಕಠಿಣವೆಂದು ಪುಸ್ತಕದಲ್ಲೂ ಬರೆದಿತ್ತು.

ಭಾನುವಾರ ಸಕುಟುಂಬ ಹೊರಟೆವು. ಹಾಯಿಗೆಂದು ಮಾವನವರೇ ಹಬ್ಬಕ್ಕೆ ಕೊಟ್ಟಿದ್ದ ಪಂಚೆ. ಲಂಗರಿಗೆಂದು, ಸಾವಿತ್ರಿಗೆ ಹೇಳದೆ, ಅವಳ ಒರಳುಕಲ್ಲಿನ ಗುಂಡು. ಅತ್ತೆ, ಮಾವ, ಸಾವಿತ್ರಿ ದಡದ ಮರದಡಿ ಬುತ್ತಿ ಇಳಿಸಿ ಕೂತರು. ಮೀನು ಹಿಡಿಯುವ ರಂಗಪ್ಪ ತನ್ನ ಹರಿಗೋಲು ತಂದ. ನಾನು ಅದಕ್ಕೊಂದು ಪ್ರದಕ್ಷಿಣೆ ಹಾಕಿದೆ. ಇನ್ನೊಂದು ಹಾಕಿದೆ. ಬುಟ್ಟಿಯಂತೆ ದುಂಡಗಿದ್ದ ಅದಕ್ಕೆ ಎಲ್ಲೂ ಮೂತಿ ಸಿಗಲಿಲ್ಲ. ಮುಂಭಾಗ ಯಾವುದೆಂದು ರಂಗಪ್ಪನನ್ನೇ ಕೇಳಿದೆ.

"ದೋಸೆ ಹೆಂಚಿಗೆ ಮುಂದ್ಯಾವ್ದು ಹಿಂದ್ಯಾವ್ದು ಸಾಮಿ? ನೀವ್ ಕುಂತಿದ್ದೇ ಮುಂದು ಬುಡಿ" ಎಂದ.

ಶಂಕರ ನಕ್ಕ. ಮಾವನವರು ನೋಡುತ್ತಿದ್ದರು. ಹಿಂದೆ ಸರಿಯುವಂತಿರಲಿಲ್ಲ. ಬಿದಿರಿನ ಗಳ ನಿಲ್ಲಿಸಿ, ಪಂಚೆ ಕಟ್ಟಿ, ಹುಟ್ಟು ಮುಟ್ಟಕೂಡದೆಂದು ರಂಗಪ್ಪನಿಗೆ ಆಜ್ಞಾಪಿಸಿ ಮೂವರೂ ಹೊರಟೆವು. ಗಾಳಿ ಬಂತು. ಪಂಚೆ ಉಬ್ಬಿತು. ಹರಿಗೋಲು ಗಿರಗಿರನೆ ಸುತ್ತತೊಡಗಿತು!

ಶಂಕರ ನನ್ನೆದುರು ಕೂತಿದ್ದ. ಕೂತದ್ದೇ ಮುಂದು ಎಂಬ ರಂಗಪ್ಪನ ಸಿದ್ಧಾಂತದ ಪ್ರಕಾರ ನನ್ನ ಪೋರ್ಟ್ ಅವನ ಸ್ಟಾರ್‌ಬೋರ್ಡ್. "ಪೋರ್ಟ್‌ಗೆ ವಾಲು" ಎಂದು ಇಬ್ಬರೂ ಒಟ್ಟಿಗೆ ಕೂಗಿ, ಒಬ್ಬೊಬ್ಬರು ಒಂದೊಂದು ಕಡೆ ವಾಲಿದೆವು. ಇಬ್ಬರು ವಿದ್ಯಾವಂತರ ನಡುವೆ ರಂಗಪ್ಪ ಬೀಡಿ ಹಚ್ಚಿದ.

ಸುತ್ತುವುದು ನಿಲ್ಲಲಿಲ್ಲ. ಲಂಗರು ಇಳಿಸುವ ಹೊತ್ತು ಬಂತೆಂದು ಹಗ್ಗ ಕಟ್ಟಿದ ಗುಂಡನ್ನು ಎತ್ತಿ ನೀರಿಗೆ ಹಾಕಿದೆ. ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟಬೇಕೆಂಬ ಅಧ್ಯಾಯಕ್ಕೆ ನಾನಿನ್ನೂ ಬಂದಿರಲಿಲ್ಲ. ಗುಂಡು ಹೋಯಿತು, ಹಗ್ಗವೂ ಹೋಯಿತು. ಚಿಮ್ಮಿದ ನೀರಿಗೆ ಕನ್ನಡಕ ಮಂಜಾಯಿತು. ಕಣ್ಣು ಮುಚ್ಚಿ ಕೂತೆ.

ಎಷ್ಟು ಹೊತ್ತಾಯಿತೋ, ತಳ ಮಣ್ಣಿಗೆ ತಾಗಿತು. ದಡ! ಹುಟ್ಟನ್ನು ಯಾರೂ ಮುಟ್ಟಿರಲಿಲ್ಲ. ಗೆದ್ದೆ ಎಂದುಕೊಂಡು ತೂರಾಡುತ್ತ ಇಳಿದು, ಎದುರಿಗೆ ಮಸುಕಾಗಿ ಕಂಡ ಹೆಂಗಸಿಗೆ ಕೈಮುಗಿದು, ಈ ಕಡೆ ಇದು ಯಾವ ಊರು ತಾಯಿ ಎಂದು ಗಂಭೀರವಾಗಿ ವಿಚಾರಿಸಿದೆ.

"ಕೂತ್ಕೊಳಿ ಅಳಿಯಂದ್ರೆ, ತಲೆಸುತ್ತು ಇಳೀಲಿ. ನಾನು ನಿಮ್ಮತ್ತೆ."

ಕೂತೆ. ಸಾವಿತ್ರಿ ಚಿತ್ರಾನ್ನ ಬಡಿಸಿದಳು. ಊಟವಾದ ಮೇಲೆ ಮಾವನವರು ಆಕಾಶ ನೋಡಿ, ಸಂಜೆ ಮಳೆ ಬರಬಹುದೇ ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡೆ.

ಅವರು ಕೇಳಿದ್ದು ರಂಗಪ್ಪನನ್ನು.